‘ಆಂತರಿಕ ಗಣ’ ಸರಿಯೋ, ‘ಒಳಪಟ್ಟ ಗಣ’ ಸರಿಯೋ?

ಗೆಳೆಯರೇ,

ಕಲಬುರಗಿಯಲ್ಲಿ ಎಂ.ಎಸ್ಸಿ. ಹುಡುಗರಿಗಾಗಿ ಮೆಷರ್ ಥಿಯರಿಯ (ಗಣಗಳ ಅಳತೆಯ ಸಿದ್ಧಾಂತದ) ಟಿಪ್ಪಣಿ ಬರೆಯುತ್ತಿದ್ದೇನೆ. ಗಣ, ಉಪಗಣ, ಸಂಯೋಗ ಎಲ್ಲ ಶಾಲೆಯಿಂದಲೇ ರೂಢಿ. ಸಿಗ್ಮಾ ಆಲ್ಜೀಬ್ರಾವನ್ನು (ಪೂರಕ ಗಣ ತೆಗೆದರೂ, ಒಂದು, ಎರಡು, ಮೂರು ಅಂತ ಎಣಿಸುತ್ತ ಹೋಗುವ ಗಣಗಳನ್ನು ಸಂಯೋಗ ಮಾಡಿದರೂ ಆಚೆ ಹೋಗದ ಗಣಸಮೂಹ) ಹಾಗೇ ಇಟ್ಟುಕೊಂಡಿದ್ದೇನೆ. ತೊಡಕಿರುವುದು ನಾನ್‌ಸ್ಟಾಂಡರ್ಡ್ ಅನಾಲಿಸಿಸ್‌ನ (ಅತಿಸಣ್ಣ, ಅನಂತ ಸಂಖ್ಯೆಗಳನ್ನೂ ಸೇರಿಸಿಕೊಂಡು ಮಾಡುವ ವಿಶ್ಲೇಷಣೆಯ) ‘ಇಂಟರ್ನಲ್ ಸೆಟ್’ಗೆ.

‘ಆಂತರಿಕ ಗಣ’ ಅಂದರೆ ಅರ್ಥ ದಾರಿ ತಪ್ಪುತ್ತದೆ. ಗಣಿತಜ್ಞ ಅಬ್ರಹಾಂ ರಾಬಿನ್ಸನ್ 1960ರ ದಶಕದಲ್ಲಿ ಬೆಳೆಸಿದ ಈ ಪದ್ಧತಿಯ ಹೈಪರ್‌ರಿಯಲ್‌ಗಳಲ್ಲಿ, ಅಂದರೆ ಹಿಗ್ಗಿಸಿದ ವಾಸ್ತವ ಸಂಖ್ಯೆಗಳಲ್ಲಿ, ಸೊನ್ನೆಗಿಂತ ದೊಡ್ಡದಾದರೂ ಯಾವ ಧನ ವಾಸ್ತವ ಸಂಖ್ಯೆಗಿಂತಲೂ ಚಿಕ್ಕದಾದ ಸಂಖ್ಯೆಗಳಿವೆ. ಅಂಥ ಅತಿಸಣ್ಣ ಸಂಖ್ಯೆಗಳದ್ದೇ ಒಂದು ಗಣ ಮಾಡಿ. ಅದು ಇಂಟರ್ನಲ್ ಅಲ್ಲ, ‘ಎಕ್ಸ್‌ಟರ್ನಲ್’ (ಬಾಹ್ಯ)! ಮೇಲ್ಮಿತಿ ಇರುವ ಇಂಟರ್ನಲ್ ಗಣಕ್ಕೆ ಎಲ್ಲಕ್ಕಿಂತ ಚಿಕ್ಕ ಮೇಲ್ಮಿತಿಯೂ ಇರಲೇಬೇಕು. ಇದಕ್ಕೆ ಅದಿಲ್ಲ. ಅತಿಸಣ್ಣದರ ದುಪ್ಪಟ್ಟೂ ಅತಿಸಣ್ಣ. ಅತಿಸಣ್ಣವಲ್ಲದ್ದರ ಅರ್ಧವೂ ಅತಿಸಣ್ಣವಲ್ಲ. “ಒಳಗೇ ಅದಲ್ರಿ, ಮತ್ತ ಹೊರಗಿಂದು ಅಂತ ಯಾಕ ಅಂತೀರಿ?” ಅಂತ ಒಬ್ಬ ಹುಡುಗಿ ಕೇಳಿದಳು. ಬಹಳ ಸರಿಯಾದ ಪ್ರಶ್ನೆ.

ಇಲ್ಲಿ ಮಾತು ಜಾಗದ್ದಲ್ಲ, ನಿಯಮದ್ದು. ವಾಸ್ತವ ಸಂಖ್ಯೆಗಳ ನಿಯಮಗಳನ್ನು ಹೈಪರ್‌ರಿಯಲ್‌ಗಳಿಗೆ ದಾಟಿಸುವ ಟ್ರಾನ್ಸ್‌ಫರ್ ತತ್ವದ ನಿಯಮಗಳಿಗೆ ಯಾವ ಗಣಗಳು ಒಳಪಡುತ್ತವೋ ಅವು ಇಂಟರ್ನಲ್. ಅದಕ್ಕೇ ‘ಒಳಪಟ್ಟ ಗಣ’, ‘ಒಳಪಡದ ಗಣ’ ಅಂತ ಯೋಚಿಸಿದೆ. ‘ಒಳಗಣ’ ಅಂತ ಕೂಡಿಸಿ ಬರೆದರೆ ‘ಒಳಗಿನ’ ಅಂತಲೇ ಓದುತ್ತೇವೆ, ಅಲ್ವಾ?

ಅಳತೆಗೆ ಬಂದಾಗ ತೊಡಕು ಇನ್ನೂ ಜಾಸ್ತಿ. ಅನಂತವಾದ ಹೈಪರ್ ಪೂರ್ಣಾಂಕ ‘ಎನ್’ ತೆಗೆದುಕೊಂಡು, 0ಯಿಂದ 1ರವರೆಗೆ ‘ಎನ್’ ಬಿಂದು ಸಮನಾಗಿ ಹರಡಿ, ಪ್ರತಿಯೊಂದಕ್ಕೂ ‘ಎನ್‌ನಲ್ಲಿ ಒಂದು ಪಾಲು’ ತೂಕ ಕೊಡಿ. ಉಪಗಣದ ಅಳತೆ ಅಂದರೆ ಅದರ ಬಿಂದುಗಳ ತೂಕದ ಮೊತ್ತ. ಇವುಗಳ ಒಳಪಟ್ಟ ಉಪಗಣಗಳು ಸಿಗ್ಮಾ ಆಲ್ಜೀಬ್ರಾ ಆಗುವುದಿಲ್ಲ. ಒಂದಕ್ಕಿಂತ ಒಂದು ದೊಡ್ಡದಾಗುತ್ತ ಮುಗಿಯದೆ ಹೋಗುವ ಸಾಲಿನ ಸಂಯೋಗ ಒಳಪಡದ ಗಣವಾಗಿಬಿಡುತ್ತದೆ. 1975ರಲ್ಲಿ ಗಣಿತಜ್ಞ ಪೀಟರ್ ಲೋಬ್ ಆ ಅಳತೆಯನ್ನು ಸಿಗ್ಮಾ ಆಲ್ಜೀಬ್ರಾಕ್ಕೆ ವಿಸ್ತರಿಸಿ ತೋರಿಸಿದರು. ಆಮೇಲೆ ಪ್ರತಿ ಬಿಂದುವನ್ನೂ ಅದಕ್ಕೆ ಅಂಟಿಕೊಂಡಿರುವ ವಾಸ್ತವ ಸಂಖ್ಯೆಗೆ ಕಳಿಸಿ. 0ಯಿಂದ 1ರೊಳಗೆ ಲೆಬೆಗ್ ಅಳತೆಯಿರುವ (ಉದ್ದದ ಕಲ್ಪನೆಯನ್ನು ವಿಸ್ತರಿಸಿದ ಅಳತೆ) ಯಾವುದೇ ಗಣದ ಪೂರ್ವಬಿಂಬ, ಅಂದರೆ ಆ ಗಣಕ್ಕೆ ಹೋಗಿ ಸೇರುವ ಬಿಂದುಗಳ ಗುಂಪು, ಲೋಬ್ ಸಿಗ್ಮಾ ಆಲ್ಜೀಬ್ರಾದಲ್ಲಿ ಸಿಗುತ್ತದೆ, ಅಳತೆಯೂ ಅಷ್ಟೇ. ಆದರೆ ಆ ಪೂರ್ವಬಿಂಬ ಸಾಮಾನ್ಯವಾಗಿ ಒಳಪಡದ ಗಣ.

ಇದನ್ನು ‘ಬಾಹ್ಯ ಗಣದ ಅಳತೆ’ ಅಂತ ಬರೆದರೆ ಓದುವವರು ‘ಬಾಹ್ಯ ಅಳತೆ’ ಅಂದುಕೊಳ್ಳುತ್ತಾರೆ. ಗಣವನ್ನು ಹೊರಗಿಂದ ಮುಚ್ಚಿ ಅಳೆಯುವ ಔಟರ್ ಮೆಷರ್‌ಗೆ ಆ ಹೆಸರು ಬೇಕೇ ಬೇಕು, ಬಿಟ್ಟುಕೊಡಲಾಗದು.

ನನಗಿರುವ ಅನುಮಾನ ಒಂದೇ. ‘ಒಳಪಟ್ಟ’ದ ಹಿಂದೆ ನಾವು ಯಾವಾಗಲೂ ‘ಕಾನೂನಿಗೆ’, ‘ಷರತ್ತಿಗೆ’ ಅಂತ ಏನಾದರೂ ಸೇರಿಸುತ್ತೇವೆ. ಸುಮ್ನೆ ‘ಒಳಪಟ್ಟ ಗಣ’ ಅಂದರೆ ನಿಮ್ಮ ಕಿವಿಗೆ ಅರ್ಧಕ್ಕೇ ನಿಂತ ಹಾಗೆ ಕೇಳಿಸುತ್ತದೆಯೇ? ಹಾಗಿದ್ದರೆ ಬೇರೆ ಯಾವ ಪದ ಹೇಳುತ್ತೀರಿ?