ಏಳು ಮೀಟರ್ ಬೀಮ್ ಐದು ವರ್ಷದಲ್ಲಿ ಎಷ್ಟು ಬಾಗುತ್ತದೆ? ಅನುಭವ ಇದ್ದವರು ಹೇಳಿ

ಕೇಳಿದವರು, ಶಿವಮೊಗ್ಗ: ಒಂದು ಮನೆಯ ಕೆಲಸ ನನ್ನ ಕೈಯಲ್ಲಿದೆ. ಹಾಲ್‌ನ ಬೀಮ್ ಏಳು ಮೀಟರ್, 230×600 ಮಿ.ಮೀ., ಎಂ25 ದರ್ಜೆಯ ಕಾಂಕ್ರೀಟ್, ಎರಡೂ ತುದಿ ಬರೀ ಗೋಡೆಯ ಮೇಲೆ ಕೂತಿದೆ. ಅದರಡಿಯಲ್ಲಿ ಪೂರ್ತಿ ಅಗಲಕ್ಕೆ ಗಾಜಿನ ಸ್ಲೈಡಿಂಗ್ ಬಾಗಿಲು ಬರಲಿದೆ. ಸಾಫ್ಟ್‌ವೇರ್ 4 ಮಿ.ಮೀ. ಬಾಗು ತೋರಿಸುತ್ತಿದೆ. ಚೌಕಟ್ಟಿನ ಮೇಲೆ 6 ಮಿ.ಮೀ. ಸಂದು ಬಿಟ್ಟರೆ ಸಾಕೇ?

ವಿನ್ಯಾಸ ಎಂಜಿನಿಯರ್, ಮೈಸೂರು: ಸಾಲದು. ಬೀಮ್‌ನಲ್ಲಿ ಒಂದು ಬಿರುಕೂ ಇಲ್ಲ ಎಂದು ನಂಬಿಕೊಂಡು ಬಂದ ಸಂಖ್ಯೆ ಅದು. ಎಂ25 ಕಾಂಕ್ರೀಟ್ ಬಿರುಕು ಬಿಡುವ ಎಳೆತದ ಮಿತಿ 3.5 ಮೆಗಾಪಾಸ್ಕಲ್, ನಿಮ್ಮ ಬೀಮ್ ಮೇಲೆ ಮೀಟರಿಗೆ ಸುಮಾರು 8 ಕಿಲೋನ್ಯೂಟನ್ ಬಿದ್ದರೆ ಅಲ್ಲಿಗೆ ಮುಟ್ಟುತ್ತದೆ. 4 ಮಿ.ಮೀ. ಬಂದಿದೆ ಎಂದರೆ ಭಾರ ಮೀಟರಿಗೆ 13 ಕಿಲೋನ್ಯೂಟನ್ ಆಸುಪಾಸಿನಲ್ಲಿದೆ. ಅಂದರೆ ಬಿರುಕು ಬಿಟ್ಟೇ ಬಿಡುತ್ತದೆ. ಅದನ್ನು ಲೆಕ್ಕಕ್ಕೆ ತಂದರೆ ತಕ್ಷಣದ ಬಾಗು 10 ಮಿ.ಮೀ. ಹತ್ತಿರ ಬರುತ್ತದೆ. ಅದರಲ್ಲಿ ಸದಾ ಇರುವ ಭಾರದ ಪಾಲು 8 ಎಂದಿಟ್ಟುಕೊಳ್ಳಿ. ಆ ಪಾಲು ಕಾಲಕ್ರಮದಲ್ಲಿ ಬೆಳೆಯುವುದಕ್ಕೆ ಅಮೆರಿಕದ ಕಾಂಕ್ರೀಟ್ ಸಂಹಿತೆ ಎಸಿಐ 318ರ ಗುಣಕ ಐದು ವರ್ಷಕ್ಕೆ 2, ಮೂರು ತಿಂಗಳಿಗೆ 1. ಹಾಗಾಗಿ ಕಾಲಕ್ರಮದಲ್ಲಿ ಇನ್ನೂ 16 ಮಿ.ಮೀ. ಸೇರುತ್ತದೆ, ಒಟ್ಟು 26. ನಮ್ಮ ದೇಶದ ಕಾಂಕ್ರೀಟ್ ಸಂಹಿತೆ ಐಎಸ್ 456ರ ಮಿತಿ, ಅಂದರೆ ಅಂತರದ 250ನೇ ಒಂದು ಭಾಗ, 28 ಮಿ.ಮೀ. ಕೂದಲೆಳೆಯಲ್ಲಿ ಪಾರು!

ಪ್ರಾಪ್, ಅಂದರೆ ಬೀಮ್‌ಗೆ ಕೆಳಗಿನಿಂದ ಕೊಟ್ಟ ಆನಿಕೆ ಕಂಬ, ತೆಗೆದ ಕೂಡಲೇ ಗಾಜು ಕೂರಿಸಿದರೆ ಮುಂದಿನ 18 ಮಿ.ಮೀ. (ಆ 16, ಜತೆಗೆ ಬಂದುಹೋಗುವ ಭಾರದ 2) ಅದರ ತಲೆಯ ಮೇಲೆ. ಮೂರು ತಿಂಗಳು ಕಾದರೆ ಅದರಲ್ಲಿ 8 ಆಗಲೇ ಮುಗಿದು 10 ಉಳಿಯುತ್ತದೆ. ಬೀಮ್‌ನ ಮೇಲ್ಭಾಗದ ಕಂಬಿ ಅದರ ಅಡ್ಡಕೊಯ್ತದ ಶೇ. 0.5 ಇದ್ದರೆ ಗುಣಕ 2ರಿಂದ 1.6ಕ್ಕೆ ಇಳಿಯುತ್ತದೆ. ರಿಂಗ್ ಕಟ್ಟಲು ಹ್ಯಾಂಗರ್ ಕಂಬಿ ಎಂದು ಮೇಲೆ ಎರಡು ಎಳೆ ಹಾಕಿ ಕೈತೊಳೆದುಕೊಳ್ಳುವವರಿಗೆ ಇದು ನೆನಪಿರುವುದಿಲ್ಲ.

ಸೈಟ್ ಎಂಜಿನಿಯರ್, ದಾವಣಗೆರೆ: ಲೆಕ್ಕ ಒಪ್ಪುತ್ತೇನೆ, ಆದರೆ ಎಲ್ಲ ಕೆಡುವುದು ಸೈಟಿನಲ್ಲಿ. ನಮ್ಮದೊಂದು ಆರೂವರೆ ಮೀಟರ್ ಬೀಮ್. ಬೇರೆ ಮನೆಗೆ ಬೇಕೆಂದು ಸೆಂಟ್ರಿಂಗ್‌ನವರು ಹನ್ನೊಂದನೇ ದಿನಕ್ಕೇ ಪ್ರಾಪ್ ಕಿತ್ತರು. ಆರು ಮೀಟರ್ ದಾಟಿದ ಬೀಮ್‌ಗೆ 21 ದಿನ ಬೇಕು ಎಂದು ಐಎಸ್ 456 ಹೇಳುತ್ತದೆ. ಸಾಲದ್ದಕ್ಕೆ ಎರಡು ಲೋಡ್ ಸಾಲಿಡ್ ಬ್ಲಾಕ್ ನಟ್ಟನಡುವೆ ಪೇರಿಸಿದರು. ಆರು ತಿಂಗಳಲ್ಲಿ ಕೆಳಗಿನ ಬಾಗಿಲು ಉಜ್ಜತೊಡಗಿತು. ಬಡಗಿ ಎರಡು ಸಲ ಹತ್ತರಿ ಹೊಡೆದ, ಮೂರನೇ ಸಲ ಬರಲಿಲ್ಲ. ನಾನು ದಾರ ಹಿಡಿದು ನೋಡಿದರೆ ನಡುವೆ 17 ಮಿ.ಮೀ. ಅದರಲ್ಲಿ ಎಷ್ಟು ಬಾಗು, ಎಷ್ಟು ಸೆಂಟ್ರಿಂಗ್ ಹಲಗೆ ಮೊದಲೇ ಕುಸಿದಿದ್ದು, ದೇವರಿಗೇ ಗೊತ್ತು. ಪ್ರಾಪ್ ತೆಗೆಯುವ ಮುನ್ನ ಮಟ್ಟ ಗುರುತು ಮಾಡಿರಲಿಲ್ಲ.

ಸದಾ ಇರುವ ಭಾರಕ್ಕೆ ಕಾಂಕ್ರೀಟ್ ನಿಧಾನವಾಗಿ ರೂಪ ಬದಲಿಸುತ್ತಾ ಹೋಗುವುದಕ್ಕೆ ಕ್ರೀಪ್ ಎನ್ನುತ್ತಾರೆ. ಅದರ ಗುಣಾಂಕ ಏಳನೇ ದಿನ ಭಾರ ಬಿದ್ದರೆ 2.2, 28ನೇ ದಿನವಾದರೆ 1.6. ಆ ಎರಡು ಲೋಡ್ ಬ್ಲಾಕ್ ಯಾವ ಲೆಕ್ಕದಲ್ಲೂ ಇರಲಿಲ್ಲ.

ಕೇಳಿದವರು: ಇವತ್ತಿಗೆ ಹದಿನಾರನೇ ದಿನ, ಪ್ರಾಪ್ ಮುಟ್ಟಲು ಬಿಟ್ಟಿಲ್ಲ. ಮಧ್ಯದಲ್ಲೂ ತುದಿಗಳಲ್ಲೂ ಮೊಳೆ ಹೊಡೆದು ಟ್ಯೂಬ್ ಲೆವೆಲ್‌ನಲ್ಲಿ ಗುರುತು ಹಾಕಿದ್ದೇನೆ. ಗಾಜು ಮೂರು ತಿಂಗಳು ತಡ ಎಂದರೆ ಮಾಲೀಕರು ಮುಖ ಸಿಂಡರಿಸಿದರು, ಗೃಹಪ್ರವೇಶದ ದಿನ ಗೊತ್ತಾಗಿದೆಯಂತೆ. ಸಂದು 10 ಇಡಲೇ?

ವಿನ್ಯಾಸ ಎಂಜಿನಿಯರ್, ಮೈಸೂರು: 10 ಬೇಡ, ಕಾದರೂ 15. ಇಂಥ ಲೆಕ್ಕ ಮೂರರಲ್ಲಿ ಒಂದು ಪಾಲು ಆಚೀಚೆ ಆಗುತ್ತದೆ ಎಂದೇ ನಾನು ಹಿಡಿಯುವುದು. ಗೃಹಪ್ರವೇಶಕ್ಕೆ ಪರದೆ ಕಟ್ಟಿಸಿ. ಗಾಜು ಈಗಲೇ ಬೇಕೆಂದರೆ 25 ಮಿ.ಮೀ. ಜಾರುವ ಮೇಲ್ಚೌಕಟ್ಟು ಸಿಗುತ್ತದೆಯೇ ಎಂದು ಅಲ್ಯೂಮಿನಿಯಂ ಕೆಲಸದವರನ್ನು ಕೇಳಿ.