ಅಪ್‌ಡೇಟ್: ಲಂಟಾನ ಕೀಳುವ ಕೆಲಸಕ್ಕೆ ಸೇರಿದೆ

ಪದವಿ ಮುಗಿದಿದೆ, ವನ್ಯಜೀವಿ ಸಂರಕ್ಷಣೆಗೆ ಬರಬೇಕು, ಮೊದಲು ಎಂ.ಎಸ್ಸಿ. ಮಾಡಲೇ ಅಥವಾ ಕಾಡಿನ ಕೆಲಸ ಕಲಿಯಲೇ ಎಂದು ನಿಮ್ಮನ್ನು ಕೇಳಿದ್ದೆ. ಹೆಚ್ಚಿನವರು ಕೆಲಸ ಕಲಿಯಿರಿ ಎಂದಿರಿ. ಈಗ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ ಲಂಟಾನ ಎಂಬ, ಹೊರಗಿನಿಂದ ಬಂದು ಕಾಡನ್ನು ಆವರಿಸಿರುವ ಕಳೆಗಿಡವನ್ನು ತೆಗೆಯುವ ತಂಡದಲ್ಲಿದ್ದೇನೆ.

ಮಚ್ಚಿನಿಂದ ಕಡಿದರೆ ಈ ಗಿಡ ಸಾಯುವುದಿಲ್ಲ, ಬುಡದಿಂದ ಇನ್ನಷ್ಟು ದಟ್ಟವಾಗಿ ಚಿಗುರುತ್ತದೆ. ಗುದ್ದಲಿಯಿಂದ ಮಣ್ಣು ಬಿಡಿಸಿ, ನೆಲಮಟ್ಟಕ್ಕಿಂತ ತುಸು ಕೆಳಗೆ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಒಣಗಲು ಬಿಡಬೇಕು. ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಉತ್ತರಾಖಂಡದ ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಪ್ರಯೋಗಿಸಿ 2009ರಲ್ಲಿ ಪ್ರಕಟಿಸಿದ ವಿಧಾನವಿದು. ಕಾಯಿ ಹಣ್ಣಾಗುವ ಮೊದಲೇ ಮುಗಿಸಬೇಕು. ಪಿಕಳಾರ ಹಕ್ಕಿಗಳು ಹಣ್ಣು ತಿಂದು ಮರದ ಕೊಂಬೆಯಲ್ಲಿ ಕೂತು ಹಿಕ್ಕೆ ಹಾಕುತ್ತವೆ, ಅದರಲ್ಲಿ ಬೀಜವೂ ಬೀಳುತ್ತದೆ. ಹಾಗಾಗಿ ಮಳೆ ಬಿದ್ದ ಮೇಲೆ ಮೊದಲು ಮರಗಳ ಬುಡದಲ್ಲೇ ಸಸಿ ಹುಡುಕಿ ಕೀಳುತ್ತೇವೆ.

ನನಗೆ ಕಲಿಸುತ್ತಿರುವವರು ಈ ಬೆಟ್ಟದ ಆದಿವಾಸಿಗಳಾದ ಸೋಲಿಗರ ಹಿರಿಯರು. ಹಿಂದೆ ಬೇಸಿಗೆಯ ಮೊದಲಲ್ಲಿ ಅವರು ಹಾಕುತ್ತಿದ್ದ ತರಗು ಬೆಂಕಿ (ನೆಲದ ಒಣ ಎಲೆ ಸುಡುವ ಸಣ್ಣ ಬೆಂಕಿ) ನಿಂತ ಮೇಲೆ ಲಂಟಾನ ಹೆಚ್ಚಿತು ಎಂಬುದು ಅವರ ಅನುಭವ. ಸಂರಕ್ಷಣೆ ಓದುವ ಪ್ರತಿಯೊಬ್ಬರೂ ಅವರ ಮಾತನ್ನು ಕೇಳಲೇಬೇಕು.

ನೀವೂ ಇಂಥ ಕೆಲಸಕ್ಕೆ ಸೇರುವ ಮೊದಲು ಎರಡು ವಿಷಯ ವಿಚಾರಿಸಿ: ದಿನಗೂಲಿ ಎಷ್ಟು, ತೆರವಾದ ಜಾಗಕ್ಕೆ ಮುಂದಿನ ವರ್ಷಗಳಲ್ಲಿ ಹೊಸ ಸಸಿ ಕೀಳಲು ಯಾರು ಮರಳಿ ಬರುತ್ತಾರೆ. ಒಮ್ಮೆ ಕಿತ್ತು ಹೋಗುವ ಯೋಜನೆಯಾದರೆ ಬೇಡ. ಎಂ.ಎಸ್ಸಿ.ಗೆ ಮುಂದಿನ ವರ್ಷ ಅರ್ಜಿ ಹಾಕುತ್ತೇನೆ. ತೆರವಾದ ಜಾಗದಲ್ಲಿ ಯಾವ ಹುಲ್ಲು ಮೊದಲು ಬರುತ್ತದೆ ಎಂಬುದನ್ನೇ ಅಧ್ಯಯನ ಮಾಡುವ ಆಸೆಯಿದೆ.