ಸಹಾಯ ಬೇಕು: ಕೆನಡಾ ಸೇನೆಯಲ್ಲಿ ಮದುವೆಗೆ ಮುಂಚೆ ‘ಕಾಮನ್-ಲಾ’ ದಾಖಲೆ

ಎಲ್ಲರಿಗೂ ನಮಸ್ಕಾರ. ನನ್ನ ಸಂಗಾತಿ ಕೆನಡಾ ಸೇನೆಯಲ್ಲಿದ್ದಾರೆ, ಒಂಟಾರಿಯೋದ ಪೆಟಾವಾವಾ ನೆಲೆಯಲ್ಲಿ. ನಮ್ಮ ಮದುವೆ ಬರುವ ವೈಶಾಖದಲ್ಲಿ, ಹಾಸನದಲ್ಲಿ. ಅಷ್ಟರೊಳಗೆ ಅವರಿಗೆ ವರ್ಗ ಆಗುವ ಹಾಗಿದೆ.

ಮದುವೆ ಆಗದಿದ್ದರೂ ಕನಿಷ್ಠ 1 ವರ್ಷ ಗಂಡ-ಹೆಂಡತಿಯ ಹಾಗೆ ಒಟ್ಟಿಗಿದ್ದರೆ ಸೇನೆ ಕಾಮನ್-ಲಾ ಜೋಡಿ ಎಂದು ಒಪ್ಪುತ್ತದೆ. ಆದರೆ ಸುಮ್ನೆ ಒಪ್ಪುವುದಿಲ್ಲ, ಪ್ರಮಾಣ ಮಾಡಿ ಬರೆದುಕೊಡಬೇಕು. ದಾಖಲಾದರೆ ಆರೋಗ್ಯ ಮತ್ತು ಹಲ್ಲಿನ ವಿಮೆಗೆ ನನ್ನನ್ನೂ ಸೇರಿಸಬಹುದು. ಅವರಿಗೆ ಏನಾದರೂ ಆದರೆ ಪಿಂಚಣಿಯ ಹಕ್ಕಿನ ಪ್ರಶ್ನೆಯೂ ಇದೆ. ತೆರಿಗೆಯವರದ್ದೂ 12 ತಿಂಗಳ ಲೆಕ್ಕವೇ. ಎರಡೂ ಕಡೆ ಒಂದೇ ಸ್ಥಿತಿ ತೋರಿಸಬೇಕು ಅಲ್ವಾ?

ನಾವು ಒಟ್ಟಿಗಿದ್ದು ವರ್ಷ ದಾಟಿದೆ. ತೊಡಕು ಏನೆಂದರೆ, ನಡುವೆ ಅವರು ಡ್ಯೂಟಿ ಮೇಲೆ ಲಾಟ್ವಿಯಾದಲ್ಲಿದ್ದರು. ಆ ತಿಂಗಳುಗಳೂ ಲೆಕ್ಕಕ್ಕೆ ಬರುತ್ತವಾ? ಬಾಡಿಗೆ ಕರಾರಿನಲ್ಲಿ ಅವರ ಹೆಸರು ಮಾತ್ರ ಇದೆ. ಜಂಟಿ ಬ್ಯಾಂಕ್ ಖಾತೆ, ಕರೆಂಟ್ ಬಿಲ್ ಸಾಕಾಗುತ್ತಾ? ವರ್ಗದ ಆದೇಶ ಬಂದ ಮೇಲೆ ದಾಖಲು ಮಾಡಿದರೆ ನನ್ನ ಸಾಗಾಟದ ಖರ್ಚು ಕೊಡುತ್ತಾರಾ? ಇದೇ ಜಾಸ್ತಿ ಚಿಂತೆ. ಮದುವೆಯಾದ ಮೇಲೆ ಹಾಸನದ ನೋಂದಣಿ ಪತ್ರ ಕೊಟ್ಟರೆ ಮುಗಿಯುತ್ತಾ, ಎಲ್ಲ ಮತ್ತೆ ಮೊದಲಿನಿಂದ ಮಾಡಬೇಕಾ?

ಇದನ್ನು ಮಾಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ನಮ್ಮ ನೆಂಟರು ಯಾರಾದರೂ ಓದುತ್ತಿದ್ದರೆ, ಅಮ್ಮನಿಗೆ ಮಾತ್ರ ಹೇಳಬೇಡಿ!